ಬಿಲ್ಡರ್ ಪತ್ರ ಬಂದಿದೆ: "ಆಮದು ಸುಂಕದ ಕಾರಣ 4% ಹೆಚ್ಚುವರಿ." ನಿಜವೋ, ನೆಪವೋ?

ಅರೆಗೋಡೆ (ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಸ್ತಾ ಇದ್ದೀವಿ. ಇದೇ ಮಾರ್ಚ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು, ಕಟ್ಟಡದ ಮೊತ್ತ 4,10,000 ಡಾಲರ್. ಸೆಪ್ಟೆಂಬರ್‌ನಲ್ಲಿ ಮರದ ಚೌಕಟ್ಟು ನಿಂತಿತು, ಛಾವಣಿ ಆಯ್ತು, ಈಗ ಒಳಗಿನ ವೈರಿಂಗ್ ಮುಗಿದಿದೆ. ನಿನ್ನೆ ಬಿಲ್ಡರ್‌ನಿಂದ ಒಂದು ಪುಟದ ಪತ್ರ. ಮರ, ಉಕ್ಕು, ತಾಮ್ರ, ಅಡುಗೆಮನೆ ಕ್ಯಾಬಿನೆಟ್ ಎಲ್ಲದಕ್ಕೂ ಸುಂಕ ಬಿದ್ದಿದೆ, ಹಾಗಾಗಿ ಒಟ್ಟು ಮೊತ್ತದ ಮೇಲೆ 4%, ಅಂದರೆ 16,400 ಡಾಲರ್ ಹೆಚ್ಚುವರಿ ಕೊಡಿ ಅಂತ. ಒಪ್ಪಂದದಲ್ಲಿ ಬೆಲೆ ಏರಿಕೆಯ ಷರತ್ತು ಇದೆ, ಸಹಿ ಹಾಕುವಾಗ ಸರಿಯಾಗಿ ಓದಿರಲಿಲ್ಲ, ಬೈಯ್ಯಬೇಡಿ. ಪೇಪರ್ ತೆಗೆದರೆ ಮರಕ್ಕೆ 45%, ಉಕ್ಕಿಗೆ 50% ಅಂತೆಲ್ಲ ಇದೆ. ಹಾಗೆ ನೋಡಿದರೆ ಬರೀ 4% ಕೇಳಿದ್ದು ಪುಣ್ಯ ಅನ್ನಿಸ್ತದೆ. ಹೆಂಡತಿ ಮಾತ್ರ "ಕೇಳಿದ ತಕ್ಷಣ ಕೊಡೋಕೆ ಇದೇನು ಟೋಲ್ ಗೇಟಾ" ಅಂತಿದ್ದಾಳೆ. ಯಾರಾದರೂ ಬಲ್ಲವರು ಹೇಳಿ.

ಲೆಕ್ಕದಪುಸ್ತಕ

ನಿಮ್ಮ ಮನೆಯವರು ಹೇಳಿದ್ದೇ ಸರಿ ಸಾರ್. ಪೇಪರಿನ ಶೇಕಡಾವಾರು ನೋಡಿ ಗಾಬರಿ ಬೀಳಬೇಡಿ, ಆ ಸಂಖ್ಯೆ ನಿಮ್ಮ ಬಿಲ್ಲಿಗೆ ನೇರವಾಗಿ ಬರೋದಿಲ್ಲ.

ಈ ದೇಶದ ಮನೆ ಕಟ್ಟುವವರ ರಾಷ್ಟ್ರೀಯ ಸಂಘ (ಎನ್‌ಎಎಚ್‌ಬಿ) ತಾನೇ ಹಾಕಿರುವ ಲೆಕ್ಕದಲ್ಲಿ, ಹೊಸ ಮನೆಗಳಿಗೆ ಹೋಗುವ ಸರಕಿನಲ್ಲಿ ಆಮದಾಗಿ ಬರುವುದು ಸುಮಾರು 7% ಮಾತ್ರ. ಸುಂಕದ ವಿರುದ್ಧ ಗಂಟಲು ಹರಿದುಕೊಳ್ಳುವ ಸಂಘದವರೇ ಕೊಟ್ಟ ಅಂಕಿ ಇದು, ಕಡಿಮೆ ತೋರಿಸಿ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಈಗ ನಿಮ್ಮ 4,10,000ದಲ್ಲಿ ಬಿಲ್ಡರ್‌ನ ಲಾಭ, ಕಚೇರಿ ಖರ್ಚು ಕಳೆಯಿರಿ. 3,30,000 ಉಳೀತು ಅನ್ನೋಣ. ಅದರಲ್ಲಿ ಅರ್ಧ ಕೂಲಿ, ಅರ್ಧ ಸರಕು ಅಂತ ಇಟ್ಟುಕೊಳ್ಳಿ, ಇದು ನನ್ನ ಅಂದಾಜು. ಸರಕು 1,65,000. ಅದರ 7% ಅಂದರೆ 11,550. ಆ ಅಷ್ಟೂ ಆಮದಿನ ಮೇಲೆ ಕಣ್ಣು ಮುಚ್ಚಿಕೊಂಡು 50% ಸುಂಕ ಹಾಕಿದರೂ 5,775 ಡಾಲರ್. ಕೇಳ್ತಾ ಇರೋದು 16,400. ಉಳಿದ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಕೇಳಿ.

ನೆಟ್ಟಗೆಮಾತು

ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಬಿಲ್ಡರ್ ತೂರ್ತಾ ಇದ್ದಾನೆ ಅಷ್ಟೆ. ಸುಂಕದ ಹೆಸರು ಕೆಡಿಸೋರು ಇಂಥವರೇ.

ಗರಗಸ

ಲೆಕ್ಕದಪುಸ್ತಕ ಅವರ ಗುಣಾಕಾರ ಸರಿ, ಆದರೆ ಬುಡದಲ್ಲೇ ಒಂದು ಎಡವಟ್ಟಿದೆ. ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಮಿಲ್ ಕೆಲಸದಲ್ಲಿ ಹದಿನಾರು ವರ್ಷದಿಂದ ಇದ್ದೀನಿ. ಗಡಿ ದಾಟಿ ಬಂದ ಮರಕ್ಕೆ ಮಾತ್ರ ಬೆಲೆ ಏರುತ್ತೆ, ಊರಿನ ಮರಕ್ಕೆ ಏರಲ್ಲ ಅನ್ನೋದು ತಪ್ಪು. ಅಮೆರಿಕ ಬಳಸುವ ಮೆದುಮರದಲ್ಲಿ (ಪೈನ್, ಸ್ಪ್ರೂಸ್ ಥರದ್ದು, ಮನೆ ಚೌಕಟ್ಟಿಗೆ ಹಾಕೋದು) ಸುಮಾರು ಕಾಲು ಪಾಲು ಕೆನಡಾದ್ದು. ಆ ಕಾಲು ಪಾಲು ತುಟ್ಟಿಯಾದರೆ ಉಳಿದ ಮುಕ್ಕಾಲು ಪಾಲಿನವನು ಹಳೇ ಬೆಲೆಗೆ ಮಾರ್ತಾನಾ? ಅವನ ಎದುರಾಳಿಯ ಬೆಲೆ ಎಷ್ಟಕ್ಕೆ ಹೋಯ್ತೋ ಅದಕ್ಕಿಂತ ಹತ್ತು ಡಾಲರ್ ಕಡಿಮೆಗೆ ನಿಲ್ತಾನೆ. ಹಾಗಾಗಿ 7%ಕ್ಕೆ ಗುಣಿಸಿ ಸುಮ್ಮನಾಗುವ ಹಾಗಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ವಾಷಿಂಗ್ ಮೆಷಿನ್ ಕಥೆ ಇದೆ. 2018ರ ಜನವರಿಯಲ್ಲಿ ಹೊರಗಿನ ವಾಷರ್‌ಗಳ ಮೇಲೆ ಸುಂಕ ಹಾಕಿದರು. ಆಮೇಲೆ ಮೂವರು ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ತೆಗೆದರು: ವಾಷರ್ ಬೆಲೆ ಸುಮಾರು 12% ಏರಿತ್ತು, ಅದರಲ್ಲಿ ಇಲ್ಲೇ ತಯಾರಾದವೂ ಸೇರಿದ್ದವು. ತಮಾಷೆ ಅಂದರೆ ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಅದಕ್ಕೆ ಸುಂಕವೇ ಇರಲಿಲ್ಲ! ಜನ ಎರಡನ್ನೂ ಜೊತೆಯಲ್ಲೇ ಕೊಳ್ಳುತ್ತಾರೆ ಅಂತ ಅಂಗಡಿಯವರು ಏರಿಕೆಯನ್ನು ಎರಡಕ್ಕೂ ಹಂಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲೆಕ್ಕದಪುಸ್ತಕ

ಒಪ್ಪಿದೆ ಅಣ್ಣ, 7% ಅನ್ನೋದು ಕೆಳಗಿನ ಮಿತಿ ಅಷ್ಟೇ ಅಂತ ತಿದ್ದಿಕೊಳ್ತೀನಿ. ಆದರೆ ಹಾಗಾದರೆ 45% ಸುಂಕಕ್ಕೆ ಮರದ ಬೆಲೆ 45% ಏರಬೇಕಿತ್ತಲ್ಲ? ಏರಿಲ್ಲವಲ್ಲ?

ಗರಗಸ

ಏರಿಲ್ಲ. ಅದೇ ನಮ್ಮ ಕಡೆಯವರ ಸಂಕಟ. ಕೊಂಚ ಉದ್ದ ಆಗುತ್ತೆ, ಓದಿ.

ಈ ಮರದ ಜಗಳ ಶುರುವಾಗಿದ್ದು 1982ರಲ್ಲಿ. ಕೆನಡಾದಲ್ಲಿ ಕಾಡು ಬಹುಪಾಲು ಪ್ರಾಂತೀಯ ಸರ್ಕಾರಗಳದ್ದು. ಮರ ಕಡಿಯೋಕೆ ಸಾಮಿಲ್‌ನವರು ಸರ್ಕಾರಕ್ಕೆ ಕಟ್ಟುವ ಶುಲ್ಕ ತೀರಾ ಕಡಿಮೆ, ಅದೇ ಒಂದು ಸಬ್ಸಿಡಿ ಅನ್ನೋದು ಅಮೆರಿಕದ ಸಾಮಿಲ್‌ಗಳ ದೂರು. ಅಲ್ಲಿಂದ ಇಲ್ಲಿಯವರೆಗೆ ಒಪ್ಪಂದ ಆಗೋದು, ಮುಗಿಯೋದು, ಮತ್ತೆ ಸುಂಕ ಬೀಳೋದು. ಕೊನೆಯ ಒಪ್ಪಂದ 2006ರದ್ದು, 2015ರ ಅಕ್ಟೋಬರ್‌ನಲ್ಲಿ ಮುಗೀತು. 2017ರಿಂದ ಮತ್ತೆ ಸುಂಕ, ಆಗ ಸರಾಸರಿ ಸುಮಾರು 20%. ಆಮೇಲೆ ಏರುಪೇರು. ಈ ವರ್ಷ ಆಗಸ್ಟ್‌ನಲ್ಲಿ 35% ದಾಟಿತು, ಅಕ್ಟೋಬರ್ 14ಕ್ಕೆ ಅದರ ಮೇಲೆ ಇನ್ನೊಂದು 10% ಬಂತು. ಪೇಪರಿನವರು ಹೇಳುವ 45% ಇದು.

ಈಗ ಬೆಲೆಯ ಕಡೆ ನೋಡಿ. 2020ರ ಕೊನೆಯಲ್ಲಿ ಸುಂಕವನ್ನು ಸುಮಾರು 9%ಕ್ಕೆ ಇಳಿಸಿದ್ದರು. ಬೆಲೆ ಇಳೀತಾ? ಕೋವಿಡ್ ಸಮಯ, ಎಲ್ಲರೂ ಮನೆ ಕಟ್ಟೋಕೆ, ರಿಪೇರಿ ಮಾಡೋಕೆ ಮುಗಿಬಿದ್ದಿದ್ದರು. ಸಾಮಿಲ್‌ಗಳು ಕೋವಿಡ್ ಶುರುವಿನಲ್ಲೇ ಉತ್ಪಾದನೆ ತಗ್ಗಿಸಿದ್ದವು. 2021ರ ಮೇ ತಿಂಗಳಲ್ಲಿ ಸಾವಿರ ಬೋರ್ಡ್ ಫೂಟ್‌ಗೆ (ಇಲ್ಲಿ ಮರ ಅಳೆಯುವ ಲೆಕ್ಕ ಅದು) ವಾಯಿದೆ ಬೆಲೆ, ಅಂದರೆ ಮುಂದೆ ಕೊಡುವ ಸರಕಿಗೆ ಈಗಲೇ ಕುದುರಿಸುವ ಬೆಲೆ, 1,600 ಡಾಲರ್ ದಾಟಿತು, ಕೋವಿಡ್‌ಗೆ ಮುಂಚೆ ಅದು 400ರ ಆಸುಪಾಸಿನಲ್ಲಿತ್ತು. ಸುಂಕ ಅರ್ಧಕ್ಕಿಂತ ಕಮ್ಮಿ, ಬೆಲೆ ನಾಲ್ಕು ಪಟ್ಟು! ಈ ವರ್ಷ ಅದರ ತಿರುಗುಮುರುಗು. ಸುಂಕ ಬರುತ್ತೆ ಅಂತ ಮೊದಲೇ ಗೊತ್ತಿದ್ದರಿಂದ ಎಲ್ಲರೂ ಗಡಿ ದಾಟಿಸಿ ಗೋದಾಮು ತುಂಬಿಕೊಂಡರು. ಆಗಸ್ಟ್ ಶುರುವಿನಲ್ಲಿ ಬೆಲೆ ಏರಿತ್ತು. ಆಮೇಲೆ ಕೊಳ್ಳೋರೇ ಇಲ್ಲ, ಬಡ್ಡಿ ದರಕ್ಕೆ ಹೆದರಿ ಮನೆ ಬುಕಿಂಗ್ ಕಡಿಮೆ. ಈಗ ನವೆಂಬರ್‌ನಲ್ಲಿ ಸುಂಕ ಜಾಸ್ತಿ, ಬೆಲೆ ಆಗಸ್ಟ್‌ಗಿಂತ ಕಡಿಮೆ.

ಹಾಗಾದರೆ ಸುಂಕ ಯಾರು ಕಟ್ತಾ ಇದ್ದಾರೆ? ಸದ್ಯಕ್ಕೆ ನಮ್ಮ ಸಾಮಿಲ್. ಪಾಳಿ ಕಡಿತ, ಕೆಲವು ಕಡೆ ಪೂರ್ತಿ ಬೀಗ. ನಮ್ಮ ಕಡೆ ಕಾಡೇ ಸೊರಗಿದೆ ಅನ್ನೋದೂ ನಿಜ, ಪೈನ್ ಮರ ತಿನ್ನುವ ದುಂಬಿ ವರ್ಷಗಟ್ಟಲೆ ಕಾಡು ಖಾಲಿ ಮಾಡಿತು, ಮೇಲೆ ಕಾಳ್ಗಿಚ್ಚು. ಎಲ್ಲಾ ಸುಂಕದ ತಲೆಗೆ ಕಟ್ಟೋದಿಲ್ಲ ನಾನು. ಆದರೆ ಮುಚ್ಚಿದ ಸಾಮಿಲ್ ಬೇಡಿಕೆ ಬಂದ ದಿನ ಗುಂಡಿ ಒತ್ತಿದರೆ ತೆರೆಯಲ್ಲ. ಆಗ ನೋಡಿ ಬೆಲೆ.

ನೆಟ್ಟಗೆಮಾತು

ಗರಗಸ ಅಣ್ಣ, ನಿಮ್ಮ ಬಗ್ಗೆ ಗೌರವ ಇದೆ. ಆದರೆ ಈ ಕಡೆಯೂ ಸಾಮಿಲ್ ಊರುಗಳಿವೆ. ಜಾರ್ಜಿಯಾ, ಅಲಬಾಮಾದಲ್ಲಿ ಕಾಡು ಬೆಳೆದವನು ತನ್ನ ಸ್ವಂತ ಜಮೀನಿನಲ್ಲಿ ಮೂವತ್ತು ವರ್ಷ ಕಾದು ಮರ ಕಡೀತಾನೆ. ಅವನ ಎದುರಾಳಿಗೆ ಸರ್ಕಾರವೇ ಕಾಡು ಕೊಡುತ್ತೆ. ಇದು ಸಮಾನ ಆಟವಾ? ಮನೆಗೆ ಸಾವಿರ, ಎರಡು ಸಾವಿರ ಡಾಲರ್ ಜಾಸ್ತಿಯಾದರೂ ಇಲ್ಲಿ ಕೆಲಸ ಉಳಿಯುತ್ತೆ ಅಂದರೆ ನಾನು ಕೊಡೋಕೆ ತಯಾರು. ಕಳೆದ ಹತ್ತು ವರ್ಷದಲ್ಲಿ ದಕ್ಷಿಣದ ಸಾಮಿಲ್‌ಗಳ ಸಾಮರ್ಥ್ಯ ಹೆಚ್ಚಿದೆ ಅನ್ನೋದನ್ನ ನೀವೂ ಅಲ್ಲಗಳೆಯಲ್ಲ.

ಗರಗಸ

ಅಲ್ಲಗಳೆಯಲ್ಲ, ಹೆಚ್ಚಿದೆ. ಆ ಸಾಮಿಲ್‌ಗಳಲ್ಲಿ ಎಷ್ಟೋ ಕೆನಡಾದ ಕಂಪನಿಗಳದ್ದೇ ಅಂತ ನಿಮಗೆ ಗೊತ್ತಲ್ಲ? ವೆಸ್ಟ್ ಫ್ರೇಸರ್, ಕ್ಯಾನ್‌ಫರ್, ಇಂಟರ್‌ಫರ್ ಎಲ್ಲವೂ ದಕ್ಷಿಣದಲ್ಲಿ ಸಾಮಿಲ್ ಕೊಂಡು ಕೂತಿವೆ. ಮಾಲೀಕರು ಎರಡೂ ಕಡೆ ಕಾಲಿಟ್ಟಿದ್ದಾರೆ, ಕೆಲಸ ಕಳಕೊಳ್ಳೋನು ಮಾತ್ರ ಒಂದೇ ಕಡೆ ಇರ್ತಾನೆ.

ಇನ್ನೊಂದು, ಎಲ್ಲ ಮರ ಒಂದೇ ಅಲ್ಲ. ದಕ್ಷಿಣದ ಹಳದಿ ಪೈನ್ ಗಟ್ಟಿ, ಛಾವಣಿಯ ಟ್ರಸ್‌ಗೆ, ಔಷಧಿ ಹಾಕಿದ ಡೆಕ್ ಮರಕ್ಕೆ ಚೆನ್ನ. ಆದರೆ ಗೋಡೆಯೊಳಗಿನ ನಿಲುಗಂಬಕ್ಕೆ, ಅಂದರೆ ಸ್ಟಡ್‌ಗೆ, ಹಾಕಿದರೆ ಒಣಗ್ತಾ ಸೊಟ್ಟ ತಿರುಗುತ್ತೆ, ಮೊಳೆ ಹೊಡೆಯೋಕೂ ಕಷ್ಟ. ಅದಕ್ಕೇ ಬಡಗಿಗಳು ಉತ್ತರದ ಸ್ಪ್ರೂಸ್ ಕೇಳೋದು. ಸುಂಕ ಹಾಕಿ "ನಿಮ್ಮದೇ ಮರ ಬಳಸಿ" ಅಂದರೆ ಬಳಸಬಹುದು, ಆಮೇಲೆ ಗೋಡೆ ನೆಟ್ಟಗಿಲ್ಲ ಅಂತ ನೆಟ್ಟಗೆಮಾತು ಅವರೇ ದೂರಬಾರದು 😄

ನೆಟ್ಟಗೆಮಾತು

😄 ಆಯ್ತು ಬಿಡಿ.

ಬಂದರುಕಟ್ಟೆ

ತಡವಾಗಿ ನೋಡಿದೆ. ನಾನು ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಕೆಲಸ ಮಾಡೋದು, ಆಮದುದಾರರ ಪರವಾಗಿ ಸುಂಕದ ಕಾಗದಪತ್ರ ನೋಡಿಕೊಳ್ಳೋದು. ಅರೆಗೋಡೆ ಅವರೇ, ಎರಡು ವಿಷಯ ನೆನಪಿಡಿ, ಬಿಲ್ಡರ್ ಜೊತೆ ಮಾತಾಡುವಾಗ ಉಪಯೋಗಕ್ಕೆ ಬರ್ತವೆ.

ಸುಂಕ ಹಾಕೋದು ನೀವು ಅಂಗಡಿಯಲ್ಲಿ ಕೊಡುವ ಬೆಲೆಯ ಮೇಲಲ್ಲ, ಆಮದು ಮಾಡಿಕೊಳ್ಳುವವನು ಗಡಿಯಲ್ಲಿ ಘೋಷಿಸುವ ಬೆಲೆಯ ಮೇಲೆ. ಕ್ಯಾಬಿನೆಟ್ ತಗೊಳ್ಳಿ. ನಿಮಗೆ 14,000 ಡಾಲರ್ ಬಿಲ್ ಆಗುವ ಸೆಟ್ಟಿಗೆ ಬಂದರಿನಲ್ಲಿ 5,600 ತೋರಿಸಿರಬಹುದು (ಉದಾಹರಣೆಗೆ ಹೇಳ್ತಿದ್ದೀನಿ). ನಡುವೆ ಸಾಗಣೆ, ಗೋದಾಮು, ವಿತರಕ, ಬಿಲ್ಡರ್, ಎಲ್ಲರ ಪಾಲು. 25% ಸುಂಕ ಅಂದರೆ 1,400, ನಿಮ್ಮ ಬೆಲೆಯ 10%. ಆದರೆ ವಿತರಕ ತನ್ನ ಲಾಭವನ್ನು ಶೇಕಡಾ ಲೆಕ್ಕದಲ್ಲಿ ಇಡ್ತಾನೆ. ಸುಂಕ ಸೇರಿದ ಬೆಲೆಯ ಮೇಲೆ ಅವನ 25%, ಆಗ 1,400 ಹೋಗಿ 1,750. ಅದರ ಮೇಲೆ ಬಿಲ್ಡರ್‌ನ 20%, 2,100. ಸರ್ಕಾರಕ್ಕೆ ಸೇರಿದ್ದು 1,400, ನಿಮ್ಮಿಂದ ಹೋಗಿದ್ದು 2,100. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಕದ್ದಿಲ್ಲ ಅನ್ನೋದೇ ಸೋಜಿಗ.

ಎರಡನೇದು, ಸುಂಕಗಳು ಒಂದರ ಮೇಲೊಂದು ಕೂತೇ ಕೂರ್ತವೆ ಅಂತ ಬಿಲ್ಡರ್‌ಗಳು ಅಂದುಕೊಂಡಿದ್ದಾರೆ. ಕೆಲವು ಕೂರ್ತವೆ, ಕೆನಡಾ ಮರದ ಹಾಗೆ. ಕೆಲವು ಒಂದು ಬಂದರೆ ಇನ್ನೊಂದು ಜಾಗ ಬಿಡುತ್ತೆ. ವಿಯೆಟ್ನಾಂ ಕ್ಯಾಬಿನೆಟ್‌ಗೆ ಮಾರ್ಚ್‌ನಲ್ಲಿ ಸುಂಕ ಸೊನ್ನೆ. ಏಪ್ರಿಲ್‌ನಲ್ಲಿ 10%, ಆಗಸ್ಟ್‌ನಲ್ಲಿ 20%. ಅಕ್ಟೋಬರ್ 14ಕ್ಕೆ ಕ್ಯಾಬಿನೆಟ್‌ಗೇ ಅಂತ ಬೇರೆ 25% ಬಂದಾಗ ಹಳೇ 20% ಹೋಯ್ತು. ಅಂದರೆ ಅಕ್ಟೋಬರ್‌ನಲ್ಲಿ ನಿಜವಾಗಿ ಏರಿದ್ದು ಐದು ಅಂಕ. ನನಗೆ ಫೋನ್ ಮಾಡಿದ ಒಬ್ಬರು "45% ಆಯ್ತಲ್ಲ" ಅಂತ ಗಿರಾಕಿಗೆ ಆಗಲೇ ಪತ್ರ ಕಳಿಸಿಬಿಟ್ಟಿದ್ದರು. ಜನವರಿ 1ಕ್ಕೆ ಇದು 50% ಆಗುತ್ತೆ ಅಂತ ಆದೇಶದಲ್ಲಿದೆ, ನಿಮ್ಮ ಕ್ಯಾಬಿನೆಟ್ ಇನ್ನೂ ಬಂದಿಲ್ಲ ಅಂದರೆ ಅದನ್ನು ಗಮನಿಸಿ.

ಅರೆಗೋಡೆ

ಬಂದಿಲ್ಲ ಸಾರ್! ವಿಯೆಟ್ನಾಂನದ್ದೇ ಅಂತೆ. ಇವತ್ತೇ ಬಿಲ್ಡರ್‌ಗೆ ಫೋನ್ ಮಾಡ್ತೀನಿ.

ಹಳೇಓದುಗ

ಬಂದರುಕಟ್ಟೆಯವರು ಹೇಳಿದ್ದಕ್ಕೆ ಒಂದು ಹಳೇ ಕಥೆ ಸೇರಿಸುತ್ತೇನೆ. ನಿವೃತ್ತನಾಗಿ ಕೂತಿರುವವನು, ಹೇಳಲು ಪುರುಸೊತ್ತಿದೆ. 2002ರಿಂದ 2006ರವರೆಗೆ ಕೆನಡಾ ಮರದ ಮೇಲೆ ವಸೂಲಾದ ಸುಂಕ 500 ಕೋಟಿ ಡಾಲರಿಗೂ ಹೆಚ್ಚು. ರಾಜಿ ಆದಾಗ ಸುಮಾರು 400 ಕೋಟಿ ವಾಪಸ್ ಕೊಟ್ಟರು. ಯಾರಿಗೆ? ಗಡಿಯಲ್ಲಿ ಹಣ ಕಟ್ಟಿದ ಕೆನಡಾದ ಕಂಪನಿಗಳಿಗೆ. ಆ ನಾಲ್ಕು ವರ್ಷ ಜಾಸ್ತಿ ಬೆಲೆಗೆ ಮನೆ ಕೊಂಡವರಿಗೆ ಒಂದು ಸೆಂಟೂ ಬರಲಿಲ್ಲ, ಬರುವ ದಾರಿಯೂ ಇರಲಿಲ್ಲ. ಅಮೆರಿಕದಲ್ಲಿ ಉಳಿದ ಸುಮಾರು 100 ಕೋಟಿಯಲ್ಲಿ ಒಂದು ಪಾಲು ದೂರು ಕೊಟ್ಟ ಸಾಮಿಲ್‌ನವರಿಗೆ ಹೋಯಿತು, ಇನ್ನೊಂದು ಪಾಲು ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿಗೆ. ಮನೆಯ ಬೆಲೆ ಏರಿಸಿದ ದುಡ್ಡಿನಲ್ಲೇ ಮನೆ ದಾನ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಅದಿರಲಿ. ಅರೆಗೋಡೆ, ಆ ಷರತ್ತಿನ ಸಾಲನ್ನು ಇಲ್ಲಿ ಹಾಕು ಮಗು. ನಾವೆಲ್ಲ ಊಹೆಯ ಮೇಲೆ ಹೊಡೆದಾಡುತ್ತಿದ್ದೇವೆ.

ಅರೆಗೋಡೆ

ಹಾಕ್ತೀನಿ ಸಾರ್. ಕನ್ನಡದಲ್ಲಿ ಹೇಳಬೇಕಂದರೆ: ಸಹಿ ಹಾಕಿದ ದಿನದ ಬೆಲೆಗಿಂತ ಯಾವುದಾದರೂ ಸರಕಿನ ಬೆಲೆ, ಬಿಲ್ಡರ್‌ನ ಕೈಮೀರಿದ ಕಾರಣಕ್ಕೆ, 5%ಗಿಂತ ಹೆಚ್ಚು ಏರಿದರೆ, ಆ ಸರಕಿನ "ನಿಜವಾದ ವ್ಯತ್ಯಾಸ"ವನ್ನು ಮಾಲೀಕ ಕೊಡಬೇಕು, ದಾಖಲೆ ಸಮೇತ.

ಹಳೇಓದುಗ

ಸರಿ, ಮುಗಿಯಿತಲ್ಲ. "ಆ ಸರಕಿನ", "ನಿಜವಾದ", "ದಾಖಲೆ ಸಮೇತ". ಒಟ್ಟು ಮೊತ್ತದ ಮೇಲೆ 4% ಎಂದು ಎಲ್ಲೂ ಬರೆದಿಲ್ಲ. ಕೂಲಿಯ ಮೇಲೆ, ಕಾಂಕ್ರೀಟ್ ಮೇಲೆ, ಅವನ ಲಾಭದ ಮೇಲೆ ಎಲ್ಲದರ ಮೇಲೂ 4% ಹಾಕಿದ್ದಾನೆ. ಬಿಲ್ ತೋರಿಸು ಅನ್ನು. ಜಗಳ ಬೇಡ, ಪತ್ರದಲ್ಲಿ ಕೇಳು.

ಕೊಲಂಬಸ್_ಕನ್ನಡತಿ

ಬಿಲ್ಡರ್ ಪಕ್ಷದಿಂದ ಒಬ್ಬರಾದರೂ ಮಾತಾಡಬೇಕಲ್ಲ. ನಾನು ಓಹಾಯೋದಲ್ಲಿ ಮಧ್ಯಮ ಗಾತ್ರದ ಬಿಲ್ಡರ್ ಒಬ್ಬರಲ್ಲಿ ಖರೀದಿ ವಿಭಾಗ ನೋಡಿಕೊಳ್ತೀನಿ. ನಿಮ್ಮ ಬಿಲ್ಡರ್ ಮಾಡಿದ್ದು ಸರಿ ಅನ್ನಲ್ಲ, ಆದರೆ ಯಾಕೆ ಹಾಗೆ ಮಾಡಿದ ಅಂತ ನನಗೆ ಅರ್ಥ ಆಗುತ್ತೆ.

ಮೊದಲೆಲ್ಲ ಸರಬರಾಜುದಾರ ಕೊಟ್ಟ ದರ ಮೂವತ್ತು ದಿನ, ಕೆಲವೊಮ್ಮೆ ಅರವತ್ತು ದಿನ ನಿಲ್ತಿತ್ತು. ಈ ವರ್ಷ ಏಳು ದಿನ. ಕಿಟಕಿಯವನು ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಸಾಗಿಸುವ ದಿನದ ಸುಂಕ ಅನ್ವಯ" ಅಂತ ಬರೀತಾನೆ. ನಾನು ಹತ್ತು ತಿಂಗಳ ಮನೆಗೆ ಇವತ್ತು ಬೆಲೆ ಹೇಳಬೇಕು, ನನಗೆ ಬೆಲೆ ಹೇಳೋನು ಏಳು ದಿನಕ್ಕೆ ಮಾತ್ರ ನಿಲ್ತಾನೆ. ಆ ಕಂದಕ ತುಂಬೋದು ಹೇಗೆ? ಒಂದಿಷ್ಟು ಜಾಸ್ತಿ ಹಿಡಿದು ಇಡೋದು. ಸುಂಕ ಬರಲೇ ಇಲ್ಲ ಅಂದರೂ ಆ ಜಾಸ್ತಿ ಬೆಲೆಯಲ್ಲಿ ಕೂತಿರುತ್ತೆ. ಕಳೆದ ಏಪ್ರಿಲ್‌ನಲ್ಲಿ ಎನ್‌ಎಎಚ್‌ಬಿ ಬಿಲ್ಡರ್‌ಗಳನ್ನು ಕೇಳಿದಾಗ ಮನೆಗೆ 10,900 ಡಾಲರ್ ಜಾಸ್ತಿಯಾಗುತ್ತೆ ಅಂತ ಅಂದಾಜು ಬಂತು. ಅದು ಬಿಲ್ ನೋಡಿ ಕೂಡಿಸಿದ್ದಲ್ಲ, ಬಿಲ್ಡರ್‌ಗಳ ಅಂದಾಜು. ನಾನು ಅದನ್ನ ಹೆದರಿಕೆಯ ಬೆಲೆ ಅಂತಲೇ ಓದಿದ್ದು.

ಈಗ ನಿಜವಾದ ವಿಷಯ. ಆ ಜಾಸ್ತಿಯನ್ನು ಎಲ್ಲರ ಮೇಲೂ ಹಾಕೋಕಾಗಲ್ಲ. ಇವತ್ತು ನಮ್ಮ ಆಫೀಸಿಗೆ ಹೊಸ ಗಿರಾಕಿ ಬಂದರೆ ಬೆಲೆ ಏರಿಸೋದಿರಲಿ, ಇಳಿಸ್ತಾ ಇದ್ದೀವಿ. ಈ ತಿಂಗಳ ಎನ್‌ಎಎಚ್‌ಬಿ ಸಮೀಕ್ಷೆಯಲ್ಲಿ 41% ಬಿಲ್ಡರ್‌ಗಳು ಬೆಲೆ ಇಳಿಸಿದ್ದೀವಿ ಅಂದಿದ್ದಾರೆ. ಸುಂಕ ಏರಿದ ವರ್ಷವೇ ಮನೆ ಬೆಲೆ ಇಳಿತಾ ಇದೆ! ಹೊಸ ಗಿರಾಕಿ ಎದ್ದು ಪಕ್ಕದ ಬಿಲ್ಡರ್ ಹತ್ತಿರ ಹೋಗ್ತಾನೆ, ಇಲ್ಲಾ ಹಳೇ ಮನೆ ಕೊಳ್ತಾನೆ. ಅವನಿಂದ ವಸೂಲಾಗದ ದುಡ್ಡನ್ನ ನಾವು ಬೇರೆ ಕಡೆ ಹಿಂಡ್ತೀವಿ. ಬಣ್ಣದವನ ದರ ಇಳಿಸ್ತೀವಿ. ನಕ್ಷೆಯಲ್ಲಿ ಎರಡು ಕಿಟಕಿ ತೆಗೀತೀವಿ. ಮುಂದಿನ ಬಡಾವಣೆಗೆ ಜಮೀನು ಮಾರೋನ ಹತ್ತಿರ "ಈಗ ಆ ರೇಟ್ ಆಗಲ್ಲ" ಅಂತೀವಿ.

ಅರೆಗೋಡೆ, ನೀವು ಎಲ್ಲೂ ಹೋಗಲಾರಿರಿ. ಅರ್ಧ ಕಟ್ಟಿದ ಮನೆ, ಸಹಿ ಆದ ಒಪ್ಪಂದ, ಬ್ಯಾಂಕಿನ ಬಡ್ಡಿ ಓಡ್ತಾ ಇದೆ. ಸುಂಕ ಕೊನೆಗೆ ಬಂದು ಕೂರೋದು ಜಾಗ ಬಿಟ್ಟು ಅಲುಗಾಡಲಾರದವನ ಹೆಗಲ ಮೇಲೆ. ಗರಗಸ ಅವರ ಸಾಮಿಲ್ ಕೂಡ ಹಾಗೇ, ಕಾಡು ಇದ್ದಲ್ಲೇ ಇರಬೇಕು.

ಲೆಕ್ಕದಪುಸ್ತಕ

ಮೇಡಂ, ಇದನ್ನ ಮೊದಲೇ ಹೇಳಿದ್ದರೆ ನನ್ನ ಗುಣಾಕಾರ ಉಳೀತಿತ್ತು. ಉಕ್ಕಿನಲ್ಲೂ ಇದೇ ಕಂಡಿದೆ. 2018ರ ಸುಂಕಗಳನ್ನು ಅಭ್ಯಾಸ ಮಾಡಿದವರು ಹೇಳಿದ್ದು: ಬಹುತೇಕ ಸರಕಿನಲ್ಲಿ ಪೂರ್ತಿ ಸುಂಕ ಅಮೆರಿಕದ ಕೊಳ್ಳುವವನ ಮೇಲೇ ಬಿತ್ತು, ಉಕ್ಕಿನಲ್ಲಿ ಮಾತ್ರ ಒಂದು ವರ್ಷದ ನಂತರ ಹೊರಗಿನ ಕಾರ್ಖಾನೆಗಳು ಸುಮಾರು ಅರ್ಧ ನುಂಗಿಕೊಂಡವು. ಕುಲುಮೆ ಆರಿಸೋಕಾಗಲ್ಲ, ಎಲ್ಲಾದರೂ ಮಾರಲೇಬೇಕು.

ಗರಗಸ

ಕೊಲಂಬಸ್ ಅವರ ಮಾತಿಗೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಕೆನಡಾ ಬರೀ ಸುಂಕ ತಿನ್ನುವ ದೇಶ ಅಲ್ಲ, ಹಾಕುವ ದೇಶವೂ ಹೌದು.

2016ರ ಮೇ ತಿಂಗಳು, ಆಲ್ಬರ್ಟಾದ ಫೋರ್ಟ್ ಮೆಕ್‌ಮರ್ರಿಗೆ ಕಾಳ್ಗಿಚ್ಚು ನುಗ್ಗಿತು. ಸುಮಾರು 2,400 ಮನೆ, ಕಟ್ಟಡ ಬೂದಿ. ಜನ ಮತ್ತೆ ಕಟ್ಟೋಕೆ ಶುರು ಮಾಡುವ ಹೊತ್ತಿಗೆ ಸರಿಯಾಗಿ, ಸೆಪ್ಟೆಂಬರ್‌ನಲ್ಲಿ, ಅಮೆರಿಕದಿಂದ ಪಶ್ಚಿಮ ಕೆನಡಾಕ್ಕೆ ಬರುವ ಜಿಪ್ಸಂ ಬೋರ್ಡ್ ಮೇಲೆ ತಾತ್ಕಾಲಿಕ ಸುಂಕ ಬಿತ್ತು. ಎಷ್ಟು ಗೊತ್ತಾ, ಕೆಲವರಿಗೆ 276%ವರೆಗೆ! ಅಗ್ಗಕ್ಕೆ ತಂದು ಸುರೀತಾರೆ ಅಂತ ಇಲ್ಲಿಯ ಕಾರ್ಖಾನೆಯವರ ದೂರು. ಒಳಗೋಡೆ, ಮಾಳಿಗೆಗೆಲ್ಲ ಅದೇ ಬೋರ್ಡು. ಗೋಡೆ ಮುಚ್ಚುವ ಗುತ್ತಿಗೆದಾರರು ಹಳೇ ದರಕ್ಕೆ ಕೆಲಸ ಒಪ್ಪಿಕೊಂಡಿದ್ದರು, ಬೋರ್ಡಿನ ಬೆಲೆ ರಾತ್ರೋರಾತ್ರಿ ಹಾರಿತು. ಅವರು ಅಲುಗಾಡುವ ಹಾಗಿರಲಿಲ್ಲ, ಮನೆ ಸುಟ್ಟುಕೊಂಡವರೂ ಅಲುಗಾಡುವ ಹಾಗಿರಲಿಲ್ಲ. 2017ರ ಜನವರಿಯಲ್ಲಿ ವ್ಯಾಪಾರ ನ್ಯಾಯಮಂಡಳಿ ಹೇಳಿತು: ಅಗ್ಗಕ್ಕೆ ಸುರಿದಿದ್ದು ನಿಜ, ಕಾರ್ಖಾನೆಗೆ ಪೆಟ್ಟಾಗಿದ್ದೂ ನಿಜ, ಆದರೆ ಪೂರ್ತಿ ಸುಂಕ ಹಾಕೋದು ದೇಶದ ಹಿತಕ್ಕೆ ಒಳ್ಳೇದಲ್ಲ. ಆಮೇಲೆ ಸುಂಕ ಬಹಳ ಇಳಿಸಿದರು.

ಆ ತೀರ್ಪು ನನಗೆ ಇಷ್ಟ. ಎರಡೂ ಕಡೆ ಸತ್ಯ ಇದೆ ಅಂತ ಒಪ್ಪಿ, ಆಮೇಲೆ ಲೆಕ್ಕ ಹಾಕಿದ್ದು.

ನೆಟ್ಟಗೆಮಾತು

ಇದು ನನಗೆ ಗೊತ್ತಿರಲಿಲ್ಲ. ಸುಟ್ಟ ಊರಿಗೆ ಸುಂಕ ಹಾಕೋದನ್ನ ನಾನೂ ಸಮರ್ಥಿಸಲ್ಲ. ಆದರೆ ಆ ಕಾರ್ಖಾನೆ ಮುಚ್ಚಿದ್ದರೆ ಮುಂದಿನ ಬೆಂಕಿಗೆ ಬೋರ್ಡ್ ಎಲ್ಲಿಂದ ಬರ್ತಿತ್ತು, ಅದನ್ನೂ ಕೇಳಬೇಕಲ್ಲ.

ಗರಗಸ

ಕೇಳಬೇಕು.

ಕೊಲಂಬಸ್_ಕನ್ನಡತಿ

ಅರೆಗೋಡೆ, ಬಿಲ್ ಕೇಳುವಾಗ ಏಸಿ ಯಂತ್ರದ ಬಿಲ್ ಬಗ್ಗೆ ಎಚ್ಚರ. ಈ ವರ್ಷ ಏಸಿ ಬೆಲೆ ಏರಿದ್ದಕ್ಕೆ ದೊಡ್ಡ ಕಾರಣ ಒಳಗಿನ ತಂಪು ಮಾಡುವ ಅನಿಲ ಬದಲಾದದ್ದು. ಜನವರಿ 1, 2025ರಿಂದ ಹೊಸದಾಗಿ ತಯಾರಾಗುವ ಯಂತ್ರಗಳಿಗೆ ಹಳೇ 410ಎ ಅನಿಲ ಹಾಕುವ ಹಾಗಿಲ್ಲ, ಹೊಸ ಅನಿಲಕ್ಕೆ ಯಂತ್ರದ ವಿನ್ಯಾಸವೇ ಬೇರೆ. ಇದು ನೀವು ಮಾರ್ಚ್‌ನಲ್ಲಿ ಸಹಿ ಹಾಕುವ ಮೊದಲೇ ಎಲ್ಲ ಬಿಲ್ಡರ್‌ಗಳಿಗೂ ಗೊತ್ತಿದ್ದ ವಿಷಯ. ಅದನ್ನ ಸುಂಕದ ಗಂಟಿಗೆ ಕಟ್ಟಿದ್ದರೆ ಬಿಚ್ಚಿಸಿ. ನಮ್ಮ ಬಾಸ್ ಇದನ್ನ ಓದದಿರಲಿ.

ತಂತಿಯ ಬಿಲ್‌ನ ತಾರೀಕು ಕೂಡ ನೋಡಿ.

ಅರೆಗೋಡೆ (ಡಿಸೆಂಬರ್ 2025)

ವರದಿ ಒಪ್ಪಿಸ್ತೀನಿ. ಪತ್ರದಲ್ಲಿ ಬಿಲ್ ಕೇಳಿದ್ದಕ್ಕೆ ಎರಡು ವಾರ ಸದ್ದಿಲ್ಲ. ಆಮೇಲೆ ಬಿಲ್ಡರ್ ತಾನೇ ಸೈಟಿಗೆ ಕರೆದ. ಮನುಷ್ಯ ಕೆಟ್ಟವನಲ್ಲ, ಒಂದು ಹಳೇ ರಟ್ಟಿನ ಪೆಟ್ಟಿಗೆಯಲ್ಲಿ ಬಿಲ್ ತುಂಬಿಕೊಂಡು ಬಂದಿದ್ದ. ಪ್ಲೈವುಡ್ ಹಲಗೆ ಮೇಲೆ ಹರಡಿಕೊಂಡು ಮೂರು ಗಂಟೆ ಕೂತೆವು.

ಚೌಕಟ್ಟಿನ ಮರ ಆಗಸ್ಟ್ ಮೊದಲ ವಾರ ಕೊಂಡಿದ್ದು, ಗರಗಸ ಅವರು ಹೇಳಿದ ಆ ಏರಿದ್ದ ಹೊತ್ತಿನಲ್ಲೇ. ವ್ಯತ್ಯಾಸ 1,350 ಡಾಲರ್. ಇನ್ನೊಂದು ತಿಂಗಳು ಕಾದಿದ್ದರೆ ಅಷ್ಟೂ ಬರ್ತಿರಲಿಲ್ಲ, ಆದರೆ ಅವನಿಗೆ ಹೇಗೆ ಗೊತ್ತಾಗಬೇಕು. ಗ್ಯಾರೇಜಿನ ಉಕ್ಕಿನ ಬಾಗಿಲು 260. ಕ್ಯಾಬಿನೆಟ್ 2,050, ಬಂದರುಕಟ್ಟೆಯವರ ಉದಾಹರಣೆಗೆ ಇಷ್ಟು ಹತ್ತಿರ ಬಂದದ್ದು ನೋಡಿ ನಗು ಬಂತು. ಏಸಿಗೆ 1,900 ಬರೆದಿದ್ದ. ಅನಿಲದ ವಿಷಯ ತೆಗೆದ ತಕ್ಷಣ ಪೆನ್ನಿನಿಂದ ತಾನೇ ಹೊಡೆದು ಹಾಕಿದ, ಒಂದು ಮಾತೂ ಆಡದೆ. ಕೊಲಂಬಸ್ ಅಕ್ಕನಿಗೆ ದೊಡ್ಡ ನಮಸ್ಕಾರ.

ತಂತಿ 780. ಅದರ ಬಿಲ್ ತಾರೀಕು ಜುಲೈ 21! ಮನೆಗೆ ಆಗ ಗೋಡೆಯೇ ಇರಲಿಲ್ಲ. ಯಾಕೆ ಅಷ್ಟು ಬೇಗ ತಂದೆ ಅಂದರೆ, "ತಾಮ್ರಕ್ಕೆ 50% ಅಂತ ಅಧ್ಯಕ್ಷರು ಹೇಳಿದರು, ಎಲೆಕ್ಟ್ರಿಷಿಯನ್ ಈಗಲೇ ತಗೊಂಡುಬಿಡೋಣ ಅಂದ" ಅಂತ.

ಬಂದರುಕಟ್ಟೆ

ಅಯ್ಯೋ. ಜುಲೈ 8ಕ್ಕೆ ಆ ಘೋಷಣೆ ಬಂದಾಗ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ತಾಮ್ರದ ಬೆಲೆ ಒಂದೇ ದಿನ ಸುಮಾರು 13% ಹಾರಿತ್ತು. ಜುಲೈ 30ಕ್ಕೆ ಆದೇಶ ನೋಡಿದರೆ ಕಚ್ಚಾ ತಾಮ್ರಕ್ಕೆ ಸುಂಕವೇ ಇಲ್ಲ, ಕೊಳವೆ, ತಂತಿಯಂಥ ತಾಮ್ರದಿಂದ ಮಾಡಿದ ಸರಕಿಗೆ ಮಾತ್ರ. ಬೆಲೆ 20% ಕುಸಿದು ಬಿತ್ತು. ನಿಮ್ಮ ಎಲೆಕ್ಟ್ರಿಷಿಯನ್ ತಂತಿ ಕೊಂಡಿದ್ದು ಸರಿಯಾಗಿ ನಡುವಿನ ಮೂರು ವಾರದಲ್ಲಿ. ಅವನು ಕೊಂಡ ದಿನ ತಾಮ್ರದ ಮೇಲೆ ಆ ಸುಂಕ ಜಾರಿಗೇ ಬಂದಿರಲಿಲ್ಲ.

ಹಳೇಓದುಗ

ಬಾರದ ಸುಂಕಕ್ಕೆ ಕಟ್ಟಿದ ಕಪ್ಪ. ಎಷ್ಟಕ್ಕೆ ಇತ್ಯರ್ಥವಾಯಿತು ಮಗು?

ಅರೆಗೋಡೆ

ತಂತಿಯದ್ದು ಅರ್ಧ ನಾನು ಅರ್ಧ ಅವನು ಅಂತ ಆಯ್ತು ಸಾರ್, 390. ಒಟ್ಟು 4,050. ಕೇಳಿದ್ದು 16,400. ಹೆಂಡತಿ ಈಗ ಒಪ್ಪಂದದ ಮೂವತ್ತೆರಡು ಪುಟವನ್ನೂ ಓದ್ತಾ ಇದ್ದಾಳೆ, ನನಗೆ ಭಯ ಶುರುವಾಗಿದೆ.

ಕ್ಯಾಬಿನೆಟ್ ಮಾತ್ರ ಜನವರಿ 1ರ 50%ಕ್ಕೆ ಸಿಗಬಾರದು ಅಂತ ಬಿಲ್ಡರ್ ಅವಸರ ಮಾಡಿ ತರಿಸಿದ. ಮೂರನೇ ವಾರ ಬಂದಿಳಿಯಿತು. ಒಳಗೆ ಇನ್ನೂ ಗೋಡೆಗೆ ಪಟ್ಟಿ ಹಾಕ್ತಾ ಇದ್ದಾರೆ, ಇಡೋಕೆ ಜಾಗ ಇಲ್ಲ. ಗ್ಯಾರೇಜಿನಲ್ಲಿ ಪೇರಿಸಿದ್ದೀವಿ.

ಬಂದರುಕಟ್ಟೆ (ಜನವರಿ 2026)

ಅರೆಗೋಡೆ ಅವರೇ, ಸುದ್ದಿ ನೋಡಿದ್ರಾ? ಡಿಸೆಂಬರ್ 31ಕ್ಕೆ ಹೊಸ ಆದೇಶ. ಕ್ಯಾಬಿನೆಟ್‌ನ 50% ಒಂದು ವರ್ಷ ಮುಂದಕ್ಕೆ, ಜನವರಿ 1, 2027ಕ್ಕೆ. ಈಗಲೂ 25%ವೇ.

ಅರೆಗೋಡೆ

ನೋಡಿದೆ ಸಾರ್. ನೋಡಿದ ದಿನವೇ ಗ್ಯಾರೇಜಿಗೆ ಹೋಗಿ ಪೆಟ್ಟಿಗೆ ಬಿಚ್ಚಿದೆ. ಮೂರು ವಾರದ ಮಳೆ, ಗ್ಯಾರೇಜ್ ಬಾಗಿಲಿನ ಅಡಿ ರಬ್ಬರ್ ಇನ್ನೂ ಹಾಕಿರಲಿಲ್ಲ. ಕೆಳಗಿನ ಸಾಲಿನ ಎರಡು ಬಾಗಿಲು ತೇವ ಹೀರಿ ಅಂಚು ಉಬ್ಬಿವೆ. ಎಂಡಿಎಫ್ ಬಾಗಿಲು, ಮರದ ನಾರು ಒತ್ತಿ ಮಾಡ್ತಾರಲ್ಲ ಅದು. ಒಣಗಿಸಿದರೆ ಸರಿಹೋಗುತ್ತಾ, ಬದಲಾಯಿಸಲೇಬೇಕಾ? ಗರಗಸ ಅಣ್ಣ, ಮರದ ವಿಷಯ ನಿಮಗೇ ಗೊತ್ತಿರೋದು.

ಗರಗಸ

ಎಂಡಿಎಫ್ ಒಮ್ಮೆ ಉಬ್ಬಿದರೆ ಇಳಿಯಲ್ಲಪ್ಪ. ಫೋಟೋ ಹಾಕು, ಅಂಚು ಎಷ್ಟು ದಪ್ಪ ಆಗಿದೆ ನೋಡೋಣ.